ಬಸ್ಸು ಈಗ ಎಲ್ಲಿದೆ?

(ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ. ಬೋರ್ಡಿನ ಮೇಲೆ ಬರೆದ ಎರಡು ಸಮೀಕರಣಗಳನ್ನು ಬಿಟ್ಟಿದ್ದೇನೆ.)

ಬೆಳಿಗ್ಗೆ ನಿಮ್ಮ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಗೋಡೆಗೆ ಅಂಟಿಸಿದ್ದ ಪೋಸ್ಟರ್ ನೋಡಿ ಇಬ್ಬರು ಹುಡುಗರು ಮಾತಾಡಿಕೊಳ್ಳುತ್ತಿದ್ದರು. "ಅಟಾನಮಸ್ ಬಗ್ಗೆ ಏನೋ ಸೆಮಿನಾರ್ ಅಂತೆ ಕಣೋ. ನಮ್ಮ ಕಾಲೇಜಿಗೂ ಅಟಾನಮಸ್ ಸಿಕ್ತಾ?" ಅವರು ಇಲ್ಲಿ ಬಂದಿದ್ದರೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸಿಲಬಸ್ಸು, ಪರೀಕ್ಷೆ ಎಲ್ಲವನ್ನೂ ಕಾಲೇಜೇ ನೋಡಿಕೊಳ್ಳುವ ಆ ಅಟಾನಮಸ್ ಇದಲ್ಲ, ಇದು ಡ್ರೈವರ್ ಇಲ್ಲದೆ ತಾನೇ ಓಡುವ ಗಾಡಿಗಳ ವಿಷಯ. ತೀರಾ ಬೇರೆಯೂ ಅಲ್ಲ ಅನ್ನಿ. ಹೊರಗಿನಿಂದ ಯಾರೂ ಬಂದು ಮೌಲ್ಯಮಾಪನ ಮಾಡದೆ ಇದ್ದಾಗ ನಮ್ಮ ಉತ್ತರಪತ್ರಿಕೆಗೆ ನಾವೇ ಪ್ರಾಮಾಣಿಕವಾಗಿ ಮಾರ್ಕ್ಸ್ ಹಾಕಿಕೊಳ್ಳಬೇಕಲ್ಲ, ತಾನೇ ಓಡುವ ಗಾಡಿಯ ಕಷ್ಟವೂ ಅದೇ.

ನಮ್ಮದು ಹಿರಿಯೂರು. ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಬಸ್ ಡ್ರೈವರ್. ಬೇಸಿಗೆ ರಜೆಯಲ್ಲಿ ಒಂದೆರಡು ಸಲ ಅವರ ಜೊತೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗಿದ್ದೇನೆ. ನಿದ್ದೆ ಬರದಿದ್ದಾಗ ನಾನೊಂದು ಆಟ ಆಡುತ್ತಿದ್ದೆ. ಕಣ್ಣು ಮುಚ್ಚಿಕೊಂಡು, ಬಸ್ಸು ಈಗ ಎಲ್ಲಿದೆ ಅಂತ ಊಹಿಸುವುದು. ತುಮಕೂರು ಬಿಟ್ಟಾಗ ಹನ್ನೊಂದು ಗಂಟೆ. ಅಲ್ಲಿಂದ ಶಿರಾಕ್ಕೆ ಸುಮಾರು 50 ಕಿಲೋಮೀಟರ್. ಹಾಗಾದರೆ ಹನ್ನೆರಡರ ಹೊತ್ತಿಗೆ ಶಿರಾ ಹತ್ತಿರ ಇರಬೇಕು. ನಡುವೆ ಎಲ್ಲೋ ಟೀಗೆ ನಿಲ್ಲಿಸಿದರು, ನಾನು ತೂಕಡಿಸಿದೆ, ಎಷ್ಟು ಹೊತ್ತು ನಿಂತಿತ್ತೋ ಗೊತ್ತಾಗಲಿಲ್ಲ. ಊಹೆ ಈಗಲೂ ಇದೆ, ಆದರೆ ನಂಬಿಕೆ ಸಡಿಲವಾಗಿದೆ. ಕಣ್ಣು ಬಿಟ್ಟು ನೋಡಿದರೆ ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು. ಓ, ಚಿತ್ರದುರ್ಗದ ಕಡೆ ಬಂದಿದ್ದೀವಿ. ಆದರೆ ಆ ದೀಪಗಳು ಬಲು ದೂರದಿಂದಲೂ ಕಾಣುತ್ತವೆ, ಅದರಿಂದ ಸರಿಯಾದ ಜಾಗ ಹೇಳಲಿಕ್ಕಾಗದು. ಆಮೇಲೆ ಹೆಡ್‌ಲೈಟಿನ ಬೆಳಕಿಗೆ ಒಂದು ಕಿಲೋಮೀಟರ್ ಬೋರ್ಡು ಸಿಕ್ಕಿತು ಅಂದುಕೊಳ್ಳಿ, ಎಲ್ಲ ಗೊಂದಲ ಒಂದೇ ಏಟಿಗೆ ಬಗೆಹರಿಯಿತು.

ಇದೇ ಕಾಲ್ಮನ್ ಫಿಲ್ಟರ್. ನಗಬೇಡಿ, ನಿಜವಾಗಿ ಇಷ್ಟೇ. ಬುಡಾಪೆಸ್ಟ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ರುಡಾಲ್ಫ್ ಕಾಲ್ಮನ್ 1960ರಲ್ಲಿ ಇದರ ಗಣಿತವನ್ನು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಅದು ಅಪೊಲೊ ನೌಕೆಗೆ ಚಂದ್ರನ ದಾರಿ ಹೇಳಿತು. ವೇಗ ಮತ್ತು ಸಮಯದಿಂದ ಕಟ್ಟಿದ ಊಹೆ ಒಂದು ಕಡೆ, ಕಣ್ಣಿಗೆ ಕಂಡ ಸಾಕ್ಷಿ ಇನ್ನೊಂದು ಕಡೆ. ಎರಡಕ್ಕೂ ಅದರದರ ಅನುಮಾನದ ಅಳತೆ ಇರುತ್ತದೆ. ಯಾವುದರ ಮೇಲೆ ಅನುಮಾನ ಕಡಿಮೆಯೋ ಆ ಕಡೆಗೆ ಹೆಚ್ಚು ವಾಲಬೇಕು. ಬೋರ್ಡು ಕಾಣದೆ ಓಡಿದಷ್ಟೂ ಅನುಮಾನ ಊದಿಕೊಳ್ಳುತ್ತದೆ, ಬೋರ್ಡು ಕಂಡಾಗ ಕುಗ್ಗುತ್ತದೆ. ನಿಮ್ಮ ಫೋನಿನ ಮ್ಯಾಪಿನಲ್ಲಿ ನೀಲಿ ಚುಕ್ಕೆಯ ಸುತ್ತ ಒಂದು ತೆಳು ನೀಲಿ ವೃತ್ತ ಕೆಲವೊಮ್ಮೆ ದೊಡ್ಡದಾಗುತ್ತದಲ್ಲ, ಅದು ಫೋನಿನ ಅನುಮಾನ. ನಾನು ಚುಕ್ಕೆಗಿಂತ ಆ ವೃತ್ತದ ಮೇಲೇ ಕೆಲಸ ಮಾಡುವವಳು.

ಇದೆಲ್ಲ ಹೈಸ್ಕೂಲಿನಲ್ಲೇ ಹೊಳೆದಿತ್ತು ಅಂತ ಬುರುಡೆ ಬಿಡುವುದಿಲ್ಲ. ನಾನು ಮೆಕ್ಯಾನಿಕಲ್ ಓದಿದ್ದು. ಎಂ-4ರಲ್ಲಿ, ಅಂದರೆ ನಾಲ್ಕನೇ ಗಣಿತ ಪತ್ರಿಕೆಯಲ್ಲಿ, ಬರುವ ಪ್ರಾಬಬಿಲಿಟಿಯನ್ನು ಪಾಸಾಗುವ ಮಟ್ಟಿಗೆ, ಅಂದರೆ ಯಾವ ಪ್ರಶ್ನೆ ಗ್ಯಾರಂಟಿ ಬರುತ್ತದೋ ಅಷ್ಟನ್ನು ಮಾತ್ರ ಓದಿದ್ದೆ. ಆಮೇಲೆ ಅದನ್ನೇ ಮೂರು ಸಲ ಓದಬೇಕಾಗಿ ಬಂತು. ಈ ಹಾದಿಗೆ ಯಾವ ಬ್ರಾಂಚ್ ಒಳ್ಳೇದು ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ, ಅದಕ್ಕೆ ಈಗಲೇ ಹೇಳಿಬಿಡುತ್ತೇನೆ. ನಮ್ಮ ಲ್ಯಾಬಿನಲ್ಲಿ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಏರೋಸ್ಪೇಸ್ ಎಲ್ಲರೂ ಇದ್ದಾರೆ, ಸಿವಿಲ್ ಓದಿದವರೂ ಒಬ್ಬರಿದ್ದಾರೆ. ಮ್ಯಾಟ್ರಿಕ್ಸ್ ಕಂಡರೆ ಓಡಿಹೋಗದಿದ್ದರೆ ಸಾಕು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಸೇರಿ ಅಡ್ಡ ಬಂದದ್ದನ್ನು ತಪ್ಪಿಸಿಕೊಂಡು ಹೋಗುವ ಪುಟ್ಟ ಗಾಡಿ ಮಾಡಿದೆವು. ನಿಮ್ಮಲ್ಲಿ ಅರ್ಧ ಜನ ಈಗ ಅದನ್ನೇ ಮಾಡುತ್ತಿರುತ್ತೀರಿ. ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಎರಡು ಕಣ್ಣಿನ ಹಾಗೆ ಕಾಣುವ ಅಲ್ಟ್ರಾಸಾನಿಕ್ ಸೆನ್ಸರ್. ಅದು 40 ಕಿಲೋಹರ್ಟ್ಸ್‌ನ ಶಬ್ದ ಕಳಿಸುತ್ತದೆ, ಪ್ರತಿಧ್ವನಿ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಹೋಗಿ ಬರುವ ದಾರಿಯಾದ್ದರಿಂದ ಎರಡರಿಂದ ಭಾಗಿಸಬೇಕು. ಲ್ಯಾಬಿನ ಗೋಡೆ, ಕುರ್ಚಿ, ರಟ್ಟಿನ ಡಬ್ಬ, ಎಲ್ಲವನ್ನೂ ಗಾಡಿ ಅಚ್ಚುಕಟ್ಟಾಗಿ ತಪ್ಪಿಸಿತು. ಎಕ್ಸ್‌ಟರ್ನಲ್ ಪರೀಕ್ಷಕರು ಬಂದ ದಿನ ಸೆಮಿನಾರ್ ಹಾಲಿನಲ್ಲಿ ಡೆಮೊ. ಗಾಡಿ ನೇರವಾಗಿ ವೇದಿಕೆಯ ಪರದೆಯೊಳಗೆ ನುಗ್ಗಿ ಬಟ್ಟೆ ಸುತ್ತಿಕೊಂಡು ಗೊರಗುಟ್ಟಿತು. "ಸೆನ್ಸರ್ ಲೂಸ್ ಆಗಿದೆ ಸಾರ್" ಅಂದೆವು. ಮಾರ್ಕ್ಸೂ ಬಂತು.

ಸೆನ್ಸರ್ ಚೆನ್ನಾಗಿಯೇ ಇತ್ತು. ಮೆತ್ತನೆಯ ಬಟ್ಟೆ ಶಬ್ದವನ್ನು ನುಂಗುತ್ತದೆ, ಪ್ರತಿಧ್ವನಿ ಬರುವುದಿಲ್ಲ. ಓರೆಯಾದ ನುಣುಪು ಗೋಡೆಯಾದರೆ ಶಬ್ದ ಬೇರೆ ಕಡೆ ಹಾರಿಹೋಗುತ್ತದೆ, ಆಗಲೂ ಬರುವುದಿಲ್ಲ. ತಪ್ಪಿದ್ದುದು ನಾನೇ ಬರೆದ ಒಂದು ಸಾಲಿನಲ್ಲಿ. ಪ್ರತಿಧ್ವನಿ ಬರದಿದ್ದರೆ ಮುಂದೆ ದಾರಿ ಖಾಲಿ ಇದೆ ಅಂತ ಬರೆದಿದ್ದೆ. ಉತ್ತರ ಬರಲಿಲ್ಲ ಅನ್ನುವುದನ್ನು ಏನೂ ಇಲ್ಲ ಅಂತ ಓದಿಕೊಂಡಿದ್ದೆ. ಕಾಗದ ಹಾಕಿ ಉತ್ತರ ಬಾರದಿದ್ದರೆ ಊರಲ್ಲಿ ಎಲ್ಲ ಕ್ಷೇಮ ಅಂತ ತಿಳಿದುಕೊಂಡ ಹಾಗೆ. ಆ ಸಾಲನ್ನು ತಿದ್ದಲು ಅರ್ಧ ನಿಮಿಷ ಸಾಕು. ಆದರೆ ತಿದ್ದಿ ಏನು ಬರೆಯಬೇಕು? ನಿಲ್ಲು ಅಂತಲೇ? ಹಾಗೆ ಬರೆದರೆ ಬಯಲಿನಲ್ಲಿ ಗಾಡಿ ಕದಲುವುದೇ ಇಲ್ಲ, ಅಲ್ಲಿಯೂ ಪ್ರತಿಧ್ವನಿ ಇರುವುದಿಲ್ಲವಲ್ಲ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಎಂ.ಟೆಕ್. ಸೇರಲು ಗೇಟ್ ಪರೀಕ್ಷೆ ಬರೆದೆ, ಮೊದಲ ಸಲ ಆಗಲಿಲ್ಲ, ಎರಡನೇ ಸಲ ಆಯಿತು. ಎಂ.ಟೆಕ್.ಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. ನನ್ನ ಜೊತೆ ಓದಿ ಕೆಲಸಕ್ಕೆ ಸೇರಿದವರು ಬೈಕ್ ಕೊಂಡಾಗ ಅಮ್ಮ ಒಂದೇ ಮಾತು ಕೇಳಿದರು, "ಓದಿಸ್ಕೊಳ್ಳಾಕೆ ಅವರೇ ದುಡ್ಡು ಕೊಡ್ತಾರಾ?" ಅವರಿಗೆ ಅದೇ ದೊಡ್ಡ ಸಂಗತಿ.

ಎಂ.ಟೆಕ್.ನಲ್ಲಿ ಸಿಕ್ಕಿದ್ದು ಮೊಣಕಾಲೆತ್ತರದ ನಾಲ್ಕು ಚಕ್ರದ ರೋವರ್. ಮೊದಲ ನಾಲ್ಕು ತಿಂಗಳು ಎಲ್ಲ ಸಿಮ್ಯುಲೇಷನ್. ಕಂಪ್ಯೂಟರಿನೊಳಗಿನ ಲೋಕದಲ್ಲಿ ನೆಲ ಸಮತಟ್ಟು, ಬಿಸಿಲಿಲ್ಲ, ನಾಯಿ ಅಟ್ಟಿಸಿಕೊಂಡು ಬರುವುದಿಲ್ಲ. ಅಲ್ಲಿ ನನ್ನ ಫಿಲ್ಟರ್ ಸೊಗಸಾಗಿ ಓಡಿತು. ಹೊರಗೆ ತಂದ ಮೊದಲ ದಿನ ರೋವರ್ ಕಾಲುದಾರಿ ಬಿಟ್ಟು ಕಟ್ಟಡದ ಕೆಲಸಕ್ಕೆ ಸುರಿದಿದ್ದ ಜಲ್ಲಿ ರಾಶಿಗೆ ಹತ್ತಿತು. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಅದು ದಾರಿಯ ನಟ್ಟನಡುವೆ ಇದೆ ಅಂತ ತೋರಿಸುತ್ತಿದೆ! ಜಲ್ಲಿಯಲ್ಲಿ ಚಕ್ರ ಸುಮ್ಮನೆ ತಿರುಗುತ್ತಿತ್ತು, ತಿರುಗಿದ ಸುತ್ತುಗಳನ್ನೆಲ್ಲ ಅದು ಮುಂದೆ ಹೋದ ದೂರ ಅಂತ ಎಣಿಸುತ್ತಿತ್ತು. ಜಿಪಿಎಸ್ ಪಾಪ ಬೇರೆ ಜಾಗ ಹೇಳುತ್ತಲೇ ಇತ್ತು. ಫಿಲ್ಟರ್ ಅದರ ಮಾತು ಕೇಳಲಿಲ್ಲ. ಯಾಕೆಂದರೆ ನಾನು, ನಕ್ಷೆಯ ಗೆರೆ ನುಣುಪಾಗಿ ಕಾಣಲಿ ಅಂತ, ಚಕ್ರದ ಲೆಕ್ಕದ ಮೇಲಿನ ಅನುಮಾನವನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸಿದ್ದೆ. ತನ್ನ ಮೇಲೆ ತನಗೆ ಅನುಮಾನವೇ ಇಲ್ಲದ ಫಿಲ್ಟರ್ ಹೊಸ ಸಾಕ್ಷಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂಥವರನ್ನು ನೀವೂ ಮನೆಯಲ್ಲಿ, ಆಫೀಸಿನಲ್ಲಿ ನೋಡಿರುತ್ತೀರಿ.

ನಮ್ಮ ಗೈಡು ಬಂದು ಜಲ್ಲಿ ರಾಶಿ ನೋಡಿದರು, ಲ್ಯಾಪ್‌ಟಾಪ್ ನೋಡಿದರು. "ಎಲ್ಲಿದ್ದೀನಿ ಅಂತ ಹೇಳ್ತಿದೆ, ಸರಿ. ಎಷ್ಟು ಗ್ಯಾರಂಟಿ ಅಂತ ಕೇಳಿದ್ಯೇನಮ್ಮಾ ಅದನ್ನ?" ಅಂದು ಹೊರಟುಹೋದರು. ನನ್ನ ಪಿಎಚ್.ಡಿ. ವಿಷಯ ಇವತ್ತಿಗೂ ಆ ಒಂದು ವಾಕ್ಯದ ಆಚೆ ಹೋಗಿಲ್ಲ.

ಈ ದಾರಿಯಲ್ಲಿ ನನಗೆ ಬಹಳ ಇಷ್ಟವಾದ ವಿದ್ಯಾರ್ಥಿಯೊಬ್ಬರ ಕತೆ ಹೇಳಬೇಕು. ಹೆಸರು ಡೀನ್ ಪೊಮರ್ಲೊ. 1980ರ ದಶಕದ ಕೊನೆಯಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅವರು ಪಿಎಚ್.ಡಿ. ವಿದ್ಯಾರ್ಥಿ. ಅಲ್ಲಿ ನ್ಯಾವ್‌ಲ್ಯಾಬ್ ಅಂತ, ಕಂಪ್ಯೂಟರ್‌ಗಳನ್ನು ತುಂಬಿದ ವ್ಯಾನ್ ಇತ್ತು. ರಸ್ತೆಯ ಅಂಚು ಎಲ್ಲಿ, ಗೆರೆ ಎಲ್ಲಿ ಅಂತ ಒಂದೊಂದೇ ನಿಯಮ ಬರೆದು ಅದನ್ನು ಓಡಿಸುವುದು ಆಗಿನ ರೂಢಿ. ಪೊಮರ್ಲೊ ನಿಯಮ ಬರೆಯಲಿಲ್ಲ. ಕ್ಯಾಮೆರಾದ ಚಿತ್ರವನ್ನು 30ಕ್ಕೆ 32 ಚುಕ್ಕೆಗಳಿಗೆ ಕುಗ್ಗಿಸಿ, ಅಂದರೆ ಬರೀ 960 ಚುಕ್ಕೆ, ಉದಾಹರಣೆ ನೋಡಿ ತಾನೇ ಕಲಿಯುವ ಒಂದು ಪುಟ್ಟ ಪ್ರೋಗ್ರಾಮಿಗೆ, ಅಂದರೆ ನ್ಯೂರಲ್ ನೆಟ್‌ವರ್ಕಿಗೆ ಕೊಟ್ಟರು. ಮನುಷ್ಯ ಓಡಿಸುವುದನ್ನು ಐದು ನಿಮಿಷ ನೋಡಿ ಅದು ಸ್ಟೇರಿಂಗ್ ಹಿಡಿಯಲು ಕಲಿಯಿತು. ಹೆಸರು ಆಲ್ವಿನ್. ಇವತ್ತು ನಿಮ್ಮ ಫೋನಿನ ಒಂದು ಐಕಾನಿನಲ್ಲಿ ಅದಕ್ಕಿಂತ ಹೆಚ್ಚು ಚುಕ್ಕೆಗಳಿರುತ್ತವೆ.

ಅಲ್ಲಿ ಅವರಿಗೆ ಎದುರಾದ ತೊಡಕು ಬಲು ಸ್ವಾರಸ್ಯದ್ದು. ಮನುಷ್ಯ ತುಂಬಾ ಚೆನ್ನಾಗಿ ಓಡಿಸುತ್ತಾನೆ. ಸದಾ ರಸ್ತೆಯ ನಡುವೆಯೇ ಇರುತ್ತಾನೆ. ಆದ್ದರಿಂದ, ಅಂಚಿಗೆ ಸರಿದುಬಿಟ್ಟರೆ ವಾಪಸ್ ಬರುವುದು ಹೇಗೆ ಅನ್ನುವುದನ್ನು ನೆಟ್‌ವರ್ಕ್ ಒಂದು ಸಲವೂ ನೋಡಿರುವುದಿಲ್ಲ. ಹಾಗಂತ ಕಲಿಸುವ ಸಲುವಾಗಿ ಬೇಕೆಂದೇ ರಸ್ತೆಯಲ್ಲಿ ಅಡ್ಡಾದಿಡ್ಡಿ ಓಡಿಸಲಿಕ್ಕಾದೀತೇ? ಅವರು ಮಾಡಿದ್ದೇನೆಂದರೆ, ಒಂದೊಂದು ಚಿತ್ರವನ್ನೂ ಗಣಿತದಿಂದ ಎಡಕ್ಕೆ, ಬಲಕ್ಕೆ ಜರುಗಿಸಿ 14 ಸುಳ್ಳು ಚಿತ್ರ ತಯಾರಿಸಿದರು. ಗಾಡಿ ದಾರಿ ತಪ್ಪಿದ್ದರೆ ಕಣ್ಣಿಗೆ ಹೀಗೆ ಕಾಣುತ್ತಿತ್ತು, ಆಗ ಸ್ಟೇರಿಂಗ್ ಇಷ್ಟು ತಿರುಗಿಸಬೇಕಿತ್ತು ಅಂತ ಪ್ರತಿಯೊಂದಕ್ಕೂ ಉತ್ತರ ಬರೆದು ಕಲಿಸಿದರು. ಇದನ್ನು ಅಪ್ಪನಿಗೆ ಹೇಳಿದೆ. ಅವರು, "ಮತ್ತೆ? ನಾನು ಕಲಿತಿದ್ದೂ ಗದ್ದೆಗೆ ಇಳಿಸಿದ ಮೇಲೇನೇ" ಅಂದರು. ಆ ಪ್ರಸಂಗ ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

1991ರಲ್ಲಿ ನಡೆದದ್ದು ಇನ್ನೂ ಚೆನ್ನಾಗಿದೆ. ಪೊಮರ್ಲೊ ಸೈನ್ಯದ ಹಮ್‌ವೀ ಗಾಡಿಯೊಂದರಲ್ಲಿ ಪರೀಕ್ಷೆ ಮಾಡುತ್ತಿದ್ದರು. ಎಲ್ಲ ಸರಿಯಾಗಿ ಸಾಗುತ್ತಿತ್ತು, ಸೇತುವೆಯೊಂದು ಹತ್ತಿರ ಬಂದಾಗ ಗಾಡಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ಹೊರಳಿತು. ಅವರೇ ಸ್ಟೇರಿಂಗ್ ಹಿಡಿದು ಉಳಿದುಕೊಂಡರು. ಆಮೇಲೆ ನೆಟ್‌ವರ್ಕಿನ ಒಳಗೆ ಏನು ನಡೆದಿದೆ ಅಂತ ಕೆದಕಿ ನೋಡಿದರೆ, ಅದು ನೆಚ್ಚಿಕೊಂಡಿದ್ದದ್ದು ರಸ್ತೆಯ ಪಕ್ಕದ ಹುಲ್ಲನ್ನು! ಕಲಿಯುವಾಗ ನೋಡಿದ ರಸ್ತೆಗಳಲ್ಲೆಲ್ಲ ಪಕ್ಕದಲ್ಲಿ ಹುಲ್ಲಿತ್ತು. ಸೇತುವೆಯ ಮೇಲೆ ಹುಲ್ಲು ಎಲ್ಲಿಂದ ಬರಬೇಕು? ನನ್ನ ಪರದೆಯ ಪ್ರಸಂಗ ನೆನಪಿಸಿಕೊಳ್ಳಿ. ಅಲ್ಲಿ ಪ್ರತಿಧ್ವನಿ ಇಲ್ಲ, ಇಲ್ಲಿ ಹುಲ್ಲಿಲ್ಲ. ಎರಡೂ ಕಡೆ ಗಾಡಿ ನನಗೆ ಗೊತ್ತಾಗುತ್ತಿಲ್ಲ ಅಂತ ಹೇಳಲೇ ಇಲ್ಲ, ಗೊತ್ತಿರುವವರ ಹಾಗೆ ಮುಂದೆ ಹೋಯಿತು.

ಪೊಮರ್ಲೊ ಅಲ್ಲಿಗೆ ನಿಲ್ಲಿಸಲಿಲ್ಲ. 1995ರಲ್ಲಿ ಟಾಡ್ ಜೋಕೆಮ್ ಅವರ ಜೊತೆ ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಡಿಯಾಗೊವರೆಗೆ 2,849 ಮೈಲಿ ಹೋದರು. ಅದರಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ದೂರ ಸ್ಟೇರಿಂಗ್ ಕಂಪ್ಯೂಟರಿನ ಕೈಯಲ್ಲಿತ್ತು. ಬ್ರೇಕು, ಆಕ್ಸಿಲರೇಟರ್ ಮಾತ್ರ ಮನುಷ್ಯರ ಕಾಲಿನಲ್ಲಿ. ಆ ಹೊತ್ತಿಗೆ ತಂತ್ರ ಬೇರೆ ಮಾಡಿಕೊಂಡಿದ್ದರು. ಬಿಳಿ ಗೆರೆ ಅಳಿಸಿದ್ದರೆ, ಸಾವಿರಾರು ಗಾಡಿಗಳು ಓಡಿ ಮೂಡಿದ ಟೈರಿನ ಜಾಡು, ನಡುವೆ ತೊಟ್ಟಿಕ್ಕಿದ ಆಯಿಲ್ ಕಲೆ, ರಸ್ತೆಗೆ ಸಮನಾಗಿ ಸಾಗುವ ಏನಿದ್ದರೂ ಸಾಕು, ಅದನ್ನು ಹಿಡಿದು ಹೋಗುವುದು. ಅಪ್ಪನೂ ಅದನ್ನೇ ಹೇಳುತ್ತಿದ್ದರು. "ರಾತ್ರಿ ಮಳೇಲಿ ಬಿಳಿ ಗೆರೆ ನೋಡ್ಕಂಡು ಓಡಿಸ್ತೀನಿ ಅಂದ್ಕಂಡಿದೀಯಾ? ಮುಂದಿನ ಲಾರಿ ನೀರು ಸೀಳ್ಕಂಡು ಹೋಗಿರ್ತದಲ್ಲ, ಆ ಜಾಡು."

ಈಗ ಒಂದು ಬೇಸರದ ವಿಷಯ, ಆದರೆ ಹೇಳಲೇಬೇಕು. ನೀವು ಈ ಕಡೆ ಬಂದರೆ ನಿಮ್ಮ ಸಮಯದ ಬಹುಭಾಗ ಇಂಥದ್ದರಲ್ಲೇ ಹೋಗುತ್ತದೆ. ಪಿಎಚ್.ಡಿ.ಯ ಮೊದಲ ವರ್ಷ ನಾವು ಕ್ಯಾಂಪಸ್ಸಿನಲ್ಲಿ ಬಗ್ಗಿ ಅನ್ನುವ ಒಂದು ಪುಟ್ಟ ಬ್ಯಾಟರಿ ಗಾಡಿ ಓಡಿಸುತ್ತಿದ್ದೆವು. ನಿಧಾನವಾಗಿ ಹೋದರೆ ಎಲ್ಲ ಸರಿ. ವೇಗ ಹೆಚ್ಚಿಸಿದರೆ ತಿರುವಿನಲ್ಲಿ ಕಂಬಗಳು ಇರುವ ಜಾಗಕ್ಕಿಂತ ಮುಂದೆ ಇವೆ ಅಂತ ತಪ್ಪು ತಿಳಿಯುತ್ತಿತ್ತು. ಎರಡು ತಿಂಗಳು ಗಣಿತ ತಿದ್ದಿದೆ, ಕ್ಯಾಮೆರಾ ಬಿಚ್ಚಿ ಮತ್ತೆ ಕೂರಿಸಿದೆ. ಕೊನೆಗೆ ಗೊತ್ತಾಯಿತು, ಕ್ಯಾಮೆರಾದ ಚಿತ್ರ ಕಂಪ್ಯೂಟರಿಗೆ 200 ಮಿಲಿಸೆಕೆಂಡ್ ತಡವಾಗಿ ಬರುತ್ತಿದೆ, ನಮ್ಮ ಪ್ರೋಗ್ರಾಂ ಅದನ್ನು ಈಗಿನ ಚಿತ್ರ ಅಂತ ನಂಬುತ್ತಿದೆ. ಗಂಟೆಗೆ 18 ಕಿಲೋಮೀಟರ್ ಅಂದರೆ ಸೆಕೆಂಡಿಗೆ 5 ಮೀಟರ್. 200 ಮಿಲಿಸೆಕೆಂಡಿನಲ್ಲಿ ಸರಿಯಾಗಿ ಒಂದು ಮೀಟರ್. ಕಂಬಕ್ಕೂ ಬಗ್ಗಿಗೂ ನಡುವೆ ಇರುತ್ತಿದ್ದ ಜಾಗವೂ ಅಷ್ಟೇ! ನಿನ್ನೆಯ ಪೇಪರ್ ಓದಿ ಇವತ್ತಿನ ಮಾರ್ಕೆಟ್ಟಿಗೆ ಹೋದ ಹಾಗೆ. ಇದನ್ನು ಯಾವ ಪ್ರಬಂಧದಲ್ಲೂ ಬರೆಯಲಿಕ್ಕಾಗುವುದಿಲ್ಲ, ಇದಕ್ಕೆ ಪದವಿಯೂ ಸಿಗುವುದಿಲ್ಲ. ಪ್ರತಿ ಅಳತೆಗೂ ಅದು ಹುಟ್ಟಿದ ಹೊತ್ತನ್ನು ಅಂಟಿಸಿ ಇಡಿ, ಇಷ್ಟೇ ನಾನು ಕೊಡಬಲ್ಲ ಬುದ್ಧಿಮಾತು.

ನಮ್ಮ ಜಿಲ್ಲೆಯ ಸಂಗತಿ ಹೇಳದೆ ಹೋದರೆ ಊರಿನವರು ಬೈದಾರು. ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಇದೆ. 2023ರ ಏಪ್ರಿಲ್ 2ರ ಬೆಳಿಗ್ಗೆ 7.10ಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯ ವಾಹನವೊಂದನ್ನು ಹೊಟ್ಟೆಯಡಿ ತೂಗುಹಾಕಿಕೊಂಡು ಮೇಲೇರಿತು. ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ವಾಹನಕ್ಕೆ ಎಂಜಿನ್ ಇಲ್ಲ, ಒಳಗೆ ಮನುಷ್ಯರಿಲ್ಲ. ಇಳಿಯುವುದು ತಪ್ಪಿದರೆ ಇನ್ನೊಂದು ಸುತ್ತು ಹಾಕಿ ಬರುವ ಮಾತಿಲ್ಲ. 7.40ಕ್ಕೆ ತಾನೇ ರನ್‌ವೇ ಹುಡುಕಿಕೊಂಡು ಇಳಿಯಿತು. 2024ರ ಮಾರ್ಚ್ 22ರಂದು ಮತ್ತೆ ಮಾಡಿದಾಗ ಬೇಕೆಂದೇ ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್ 23ರಂದು 500 ಮೀಟರ್ ಪಕ್ಕಕ್ಕೆ, ಗಾಳಿಯೂ ಜೋರಿತ್ತು. ನೆಲ ಮುಟ್ಟುವಾಗ ವೇಗ ಗಂಟೆಗೆ 320 ಕಿಲೋಮೀಟರ್‌ಗೂ ಹೆಚ್ಚು. ಪೊಮರ್ಲೊ ಚಿತ್ರವನ್ನು ಪಕ್ಕಕ್ಕೆ ಜರುಗಿಸಿದರು, ಇವರು ವಾಹನವನ್ನೇ ಜರುಗಿಸಿದರು.

ಚಂದ್ರಯಾನದಲ್ಲೂ ಇದೇ ಪಾಠ. ಭೂಮಿಯಿಂದ ಸಂಕೇತ ಹೋಗಲು 1.3 ಸೆಕೆಂಡ್, ಬರಲು ಅಷ್ಟೇ. ಇಳಿಯುವ ನಿಮಿಷಗಳಲ್ಲಿ ಬೆಂಗಳೂರಿನ ಪೀಣ್ಯದ ಇಸ್ರೋ ನಿಯಂತ್ರಣ ಕೇಂದ್ರದಲ್ಲಿ ಕೂತವರು ನೋಡಬಹುದು, ಹಿಡಿದು ಓಡಿಸಲಿಕ್ಕಾಗದು. 2019ರಲ್ಲಿ ಚಂದ್ರಯಾನ-2 ಇಳಿಯಲಾಗದೆ ಹೋಯಿತು. ಎಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ನೂಕಿದವು, ತಪ್ಪುಗಳು ಒಟ್ಟುಗೂಡಿದವು, ತಿದ್ದಿಕೊಳ್ಳಲು ಬೇಕಾದಷ್ಟು ವೇಗವಾಗಿ ನೌಕೆಗೆ ತಿರುಗಲಾಗಲಿಲ್ಲ, ಇಳಿಯಬೇಕಿದ್ದ ಜಾಗ ಬರೀ 500 ಮೀಟರ್ ಚೌಕ. ಇದನ್ನೆಲ್ಲ ಇಸ್ರೋದ ಅಧ್ಯಕ್ಷರಾಗಿದ್ದ ಸೋಮನಾಥ್ ಬಹಿರಂಗವಾಗಿಯೇ ವಿವರಿಸಿದ್ದರು. ಮುಂದಿನ ಸಲ ಜಾಗವನ್ನು 4 ಕಿಲೋಮೀಟರ್‌ಗೆ 2.4 ಕಿಲೋಮೀಟರ್ ಮಾಡಿಕೊಂಡರು. ಏನೇನು ಕೆಡಬಹುದು ಅಂತ ಮೊದಲು ಪಟ್ಟಿ ಮಾಡಿ, ಕೆಟ್ಟರೂ ಇಳಿಯುವ ಹಾಗೆ ಕಟ್ಟಿದರು. 2023ರ ಆಗಸ್ಟ್ 23ರ ಸಂಜೆ ನೀವೆಲ್ಲ ಟೀವಿ ಮುಂದೆ ಇದ್ದಿರಿ, ಹೇಳಬೇಕಾಗಿಲ್ಲ.

ಮಾತು ಮುಗಿಸಿದ ಮೇಲೆ ಪ್ರಶ್ನೆಗಳು ಬಂದವು. ಪೈಥಾನ್ ಕಲಿಯಬೇಕಾ, ಸಿ ಪ್ಲಸ್ ಪ್ಲಸ್ ಕಲಿಯಬೇಕಾ? ಎರಡೂ, ಬೇರೆ ದಾರಿಯಿಲ್ಲ. ನಿಮ್ಮ ಸಂಶೋಧನೆಯಿಂದ ನಿಮ್ಮ ಅಪ್ಪನ ಕೆಲಸವೇ ಹೋಗುವುದಿಲ್ಲವಾ ಅಂತ ಒಬ್ಬ ಹುಡುಗಿ ಕೇಳಿದಳು. ಅಪ್ಪನಿಗೆ ಇನ್ನು ಮೂರು ವರ್ಷ ಸರ್ವೀಸ್ ಇದೆ, ಅಷ್ಟರಲ್ಲಿ ನಮ್ಮ ಬಗ್ಗಿ ಕ್ಯಾಂಪಸ್ ಗೇಟು ದಾಟಿದರೆ ಅದೇ ಹೆಚ್ಚು ಅಂದೆ. ಎಲ್ಲರೂ ನಕ್ಕರು, ಆದರೆ ಅದು ಅವಳ ಪ್ರಶ್ನೆಗೆ ಉತ್ತರವಲ್ಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತಾಯಿತು.

ಹೊರಡುವ ಮುಂಚೆ ನಾನೇ ಒಂದು ಪ್ರಶ್ನೆ ಕೇಳಿದೆ. ಸುಗ್ಗಿಯಲ್ಲಿ ನಮ್ಮ ಕಡೆ ರಾಗಿ, ಹುರುಳಿಯನ್ನು ಟಾರ್ ರಸ್ತೆಯ ಮೇಲೆ ಹರಡುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಅಂತ. ಕ್ಯಾಮೆರಾಕ್ಕೆ ರಸ್ತೆ ಕಾಣುವುದಿಲ್ಲ. ಲೇಸರ್ ಸೆನ್ಸರಿಗೆ ಅಡ್ಡ ಒಂದು ದಿಬ್ಬ ಕಾಣುತ್ತದೆ. ಪಕ್ಕದಲ್ಲಿ ಕಲ್ಲು ಬೇರೆ ಇಟ್ಟಿರುತ್ತಾರೆ. ಹುರುಳಿಯ ಬಳ್ಳಿ ಅಡಿಯಲ್ಲಿ ಸುತ್ತಿಕೊಂಡು ಕಾರಿಗೆ ಬೆಂಕಿ ಹತ್ತುವುದೂ ಉಂಟು. ಹತ್ತಿಸಿಕೊಂಡು ಹೋಗಬೇಕಾ, ನಿಲ್ಲಬೇಕಾ, ಪಕ್ಕಕ್ಕೆ ಇಳಿಯಬೇಕಾ? ನನ್ನ ಪ್ರಬಂಧದ ಮೂರನೇ ಅಧ್ಯಾಯ ಇಲ್ಲೇ ಸಿಕ್ಕಿಕೊಂಡಿದೆ ಅಂದೆ.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಮೇಡಂ, ಮುಂದ್ಗಡೆ ಹೋಗೋ ಗಾಡಿ ಏನ್ ಮಾಡ್ತು ಅಂತ ನೋಡಿದ್ರೆ ಆಯ್ತಲ್ವಾ?"

ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡೆ. ಮುಂದೆ ಗಾಡಿಯೇ ಇಲ್ಲದಿದ್ದರೆ ಅಂತ ಅವನನ್ನು ಕೇಳುವಷ್ಟರಲ್ಲಿ ಊಟದ ಬೆಲ್ ಹೊಡೆಯಿತು, ಹಾಲ್ ಖಾಲಿಯಾಯಿತು.